ಸರದಾರ ಕಾವಾಲಂ ಮಾಧವ ಪಣಿಕ್ಕರ್

ಭಾರತದ ಭೂಪಟದಲ್ಲಿ ರಾಜ್ಯರಾಜ್ಯಗಳ ನಡುವೆ ಎಳೆದಿರುವ ಗೆರೆಗಳು ನದಿ ಬೆಟ್ಟಗಳಂತೆ ಎಂದೆಂದಿನಿಂದಲೂ ಇದ್ದವೆಂದು ನಾವು ಭಾವಿಸುವುದುಂಟು. ಆದರೆ ದಕ್ಷಿಣ ಭಾರತದ ಇಂದಿನ ಗೆರೆಗಳಲ್ಲಿ ಬಹುಪಾಲು ಹುಟ್ಟಿದುದು 1956ನೆಯ ಇಸವಿಯ ನವೆಂಬರ್ 1ರಂದು. ಅವು ಎಲ್ಲಿ ಹಾಯಬೇಕೆಂಬುದನ್ನು ವಿಚಾರಿಸಿ ಭಾರತ ಸರಕಾರಕ್ಕೆ ಸಲಹೆ ನೀಡುವ ಸಲುವಾಗಿ ಮೂವರು ಹಿರಿಯರ ಆಯೋಗವೊಂದು ನೇಮಕವಾಗಿತ್ತು. ನ್ಯಾಯಮೂರ್ತಿಗಳಾಗಿದ್ದ ಸಯ್ಯದ್ ಫಜಲ್ ಅಲಿಯವರು ಅದರ ಅಧ್ಯಕ್ಷರು. ಪಂಡಿತ ಹೃದಯನಾಥ ಕುಂಜ್ರು ಅವರೂ ಸರದಾರ ಕೆ. ಎಂ. ಪಣಿಕ್ಕರ್ ಅವರೂ ಸದಸ್ಯರು. ಈ ಮೂರನೆಯವರು ಇತಿಹಾಸಕಾರರು. ಕಡಲಾಚೆಯಿಂದ ಬಂದ ಕೆಲವೇ ಮಂದಿ ಏಷ್ಯ ಖಂಡದ ಕೋಟಿ ಕೋಟಿ ಜನರನ್ನು ಹೇಗೆ ತಾನೆ ಆಳಿದರು ಎಂಬ ಒಂದು ಪ್ರಶ್ನೆಯನ್ನು ತಮ್ಮ ಜೀವಮಾನವೆಲ್ಲ ಬೆನ್ನಟ್ಟಿದವರು.

ನಾರಾಯಣಗೂಡದಲ್ಲಿ ಕುಳಿತು ಕನ್ನಡ ಕಲಿಯುವ ನಮಗೆ ಈ ಮಲೆಯಾಳಿ ವಿದ್ವಾಂಸರ ಚರಿತ್ರೆಯಿಂದ ಆಗಬೇಕಾದುದೇನು ಎಂದು ಯಾರಾದರೂ ಕೇಳಿಯಾರು. ಕಲಬುರಗಿ, ರಾಯಚೂರು, ಬೀದರಗಳು ಒಂದು ಕಾಲಕ್ಕೆ ಯಾವ ನಗರವನ್ನು ರಾಜಧಾನಿಯೆಂದು ನೋಡುತ್ತಿದ್ದವೋ ಆ ನಗರದಲ್ಲಿ ನಾವಿದ್ದೇವೆ. ಆ ಜಿಲ್ಲೆಗಳು ಇಂದು ಬೇರೊಂದು ರಾಜ್ಯದಲ್ಲಿವೆ. ಹೀಗಾದುದರಲ್ಲಿ ಪಣಿಕ್ಕರರ ಕೈಯೂ ಇದೆ. ಅಷ್ಟೇ ಅಲ್ಲದೆ, ಅವರ ಕಡೆಯ ದಿನಗಳು ಕಳೆದುದು ಕನ್ನಡ ನಾಡಿನ ಮೈಸೂರಿನಲ್ಲಿ. ಆದುದರಿಂದ ಅವರ ಬಾಳಿನ ಕಥೆ ನಮಗೆ ಹೊರಗಿನದಲ್ಲ.

ಪಣಿಕ್ಕರರು 1895ನೆಯ ಇಸವಿಯ ಜೂನ್ 3ರಂದು ಅಂದಿನ ತಿರುವಾಂಕೂರು ಸಂಸ್ಥಾನದ ಕಾವಾಲಂ ಎಂಬ ಗ್ರಾಮದಲ್ಲಿ ಜನಿಸಿದರು. ಈ ಗ್ರಾಮವಿರುವುದು ಕುಟ್ಟನಾಡಿನಲ್ಲಿ. ಅಲ್ಲಿಯ ಭೂಮಿ ಬಹು ವಿಚಿತ್ರವಾದುದು. ಹಲವೆಡೆ ಸಮುದ್ರಮಟ್ಟಕ್ಕಿಂತಲೂ ತಗ್ಗಿನಲ್ಲಿದ್ದು, ಸುತ್ತಲೂ ಏರಿ ಕಟ್ಟಿ ನೀರನ್ನು ಹೊರಹಾಕಿ ಬತ್ತ ಬೆಳೆಯುತ್ತಾರೆ. ಊರಿಂದೂರಿಗೆ ಹೋಗಬೇಕಾದರೆ ಅಂದು ದೋಣಿಯೇ ಗತಿ. ನೀರಿನ ನಡುವೆಯೇ ಬೆಳೆದ ಬಾಲಕನು ಮುಂದೆ ಸಮುದ್ರದ ಮೇಲೆ ಯಾರ ಒಡೆತನವಿರುವುದೋ ಅವರ ಕೈಯಲ್ಲಿ ದೇಶಗಳ ಭವಿಷ್ಯವಿರುವುದೆಂದು ಬರೆದುದು ಆಶ್ಚರ್ಯವೇನಲ್ಲ. ಅದೇ ಕಾವಾಲಂ ಗ್ರಾಮವು ಮಲೆಯಾಳ ಸಾಹಿತ್ಯಕ್ಕೆ ಇನ್ನೂ ಇಬ್ಬರು ಹೆಸರಾಂತ ಪಣಿಕ್ಕರರನ್ನು ಕೊಟ್ಟಿದೆ: ಕವಿ ಅಯ್ಯಪ್ಪ ಪಣಿಕ್ಕರ್ ಒಬ್ಬರು, ನಾಟಕಕಾರ ಕಾವಾಲಂ ನಾರಾಯಣ ಪಣಿಕ್ಕರ್ ಇನ್ನೊಬ್ಬರು.

ಕೇರಳದಲ್ಲಿಯೂ ಮದರಾಸಿನಲ್ಲಿಯೂ ವಿದ್ಯಾಭ್ಯಾಸ ಮಾಡಿ, 1914ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರೈಸ್ಟ್ ಚರ್ಚ್ ಕಾಲೇಜನ್ನು ಸೇರಿದರು. ಆ ವರ್ಷವೇ ಪ್ರಥಮ ಮಹಾಯುದ್ಧವು ಆರಂಭವಾಯಿತು. ಯುರೋಪಿನ ಸಾಮ್ರಾಜ್ಯಗಳು ತಮ್ಮ ತಮ್ಮಲ್ಲಿಯೇ ಹೊಡೆದಾಡುತ್ತಿದ್ದ ಕಾಲದಲ್ಲಿ, ಆ ಸಾಮ್ರಾಜ್ಯಗಳಲ್ಲಿ ಅತಿ ದೊಡ್ಡದರ ವಿದ್ಯಾಕೇಂದ್ರದಲ್ಲಿ ಕುಳಿತು, ಅವರು ಇತಿಹಾಸವನ್ನು ವ್ಯಾಸಂಗ ಮಾಡಿದರು. ಪ್ರಥಮ ವರ್ಗದಲ್ಲಿ ತೇರ್ಗಡೆಯೂ ಆದರು. ಸ್ವದೇಶಕ್ಕೆ ಮರಳಿದ ಮೇಲೆ ಅಲೀಗಢದಲ್ಲಿ ಕೆಲವು ವರ್ಷ ಅಧ್ಯಾಪಕರಾಗಿದ್ದರು. 1922ರಲ್ಲಿ ಪ್ರಕಟವಾದ ಹರ್ಷವರ್ಧನನ ಚರಿತ್ರೆಯು ಅವರ ಆರಂಭದ ಕೃತಿಗಳಲ್ಲಿ ಒಂದು. ನಮ್ಮ ಇಮ್ಮಡಿ ಪುಲಕೇಶಿಯು ನರ್ಮದೆಯ ತೀರದಲ್ಲಿ ತಡೆದ ಹರ್ಷನೇ ಆತನು.

ಆದರೆ ಆ ದಿನಗಳಲ್ಲಿ ದೇಶಾಭಿಮಾನಿಯಾದ ತರುಣನಿಗೆ ಪಾಠದ ಕೋಣೆಯಲ್ಲಿ ಮನಸ್ಸು ನಿಲ್ಲುವುದು ಕಷ್ಟವಾಗಿತ್ತು. ಅಧ್ಯಾಪಕವೃತ್ತಿಯನ್ನು ಬಿಟ್ಟು ಪಣಿಕ್ಕರರು ಪತ್ರಿಕಾರಂಗಕ್ಕಿಳಿದರು. ಪಂಜಾಬಿನಲ್ಲಿ ಅಕಾಲಿಗಳ ಚಳವಳಿ ನಡೆಯುತ್ತಿದ್ದಾಗ 1924ರಲ್ಲಿ ಗಾಂಧೀಜಿಯವರು ಅವರನ್ನು ಅಮೃತಸರಕ್ಕೆ ಕಳುಹಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ಹಿಂದೂಸ್ಥಾನ್ ಟೈಮ್ಸ್ ಪತ್ರಿಕೆಯು ಹೊರಟಾಗ ಅದರ ಮೊದಲ ಸಂಪಾದಕರಾಗಿದ್ದವರು ಇವರೇ. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ ವಯಸ್ಸು.

ಅನಂತರ ಅವರು ಮತ್ತೊಮ್ಮೆ ಯುರೋಪಿಗೆ ಹೋದರು. ಇತಿಹಾಸಕಾರರೆಂಬ ಅವರ ಕೀರ್ತಿಗೆ ತಳಹದಿಯಾದುದು ಈ ಪ್ರಯಾಣ. ಅಲ್ಲಿಯವರೆಗೆ ಮಲಬಾರಿನಲ್ಲಿ ಪರಂಗಿಯವರು ನಡೆಸಿದ ವ್ಯವಹಾರಗಳ ಕಥೆಯನ್ನು ನಮ್ಮವರು ಬಹುಮಟ್ಟಿಗೆ ಇಂಗ್ಲಿಷರ ಪುಸ್ತಕಗಳಿಂದ ಓದಿ ತಿಳಿಯುತ್ತಿದ್ದರು. ಪಣಿಕ್ಕರರಾದರೋ ಪೋರ್ಚುಗಲ್ ಮತ್ತು ಹಾಲೆಂಡ್ ದೇಶಗಳಿಗೆ ಹೋಗಿ ಅಲ್ಲಿಯ ದಾಖಲೆಗಳನ್ನೇ ಪರಿಶೀಲಿಸಿದರು. ಆ ಶ್ರಮದ ಫಲವಾಗಿ ಮಲಬಾರು ಮತ್ತು ಪೋರ್ಚುಗೀಸರನ್ನು ಕುರಿತ ಗ್ರಂಥವು 1929ರಲ್ಲಿಯೂ, ಮಲಬಾರು ಮತ್ತು ಡಚ್ಚರನ್ನು ಕುರಿತ ಗ್ರಂಥವು 1931ರಲ್ಲಿಯೂ ಹೊರಬಂದವು.

ಈ ಎರಡು ಗ್ರಂಥಗಳ ವಿಷಯವನ್ನು ಸ್ವಲ್ಪ ವಿವರಿಸುವುದು ಅವಶ್ಯ. 1498ರ ಮೇ ತಿಂಗಳಿನಲ್ಲಿ ವಾಸ್ಕೋ ಡ ಗಾಮನು ಕಲ್ಲೀಕೋಟೆಯ ಬಳಿ ಬಂದಿಳಿದನೆಂಬುದನ್ನು ನಾವೆಲ್ಲರೂ ಪಾಠದಲ್ಲಿ ಓದಿದ್ದೇವೆ. ಆಗ ಕಲ್ಲೀಕೋಟೆಯ ಅರಸನಾದ ಸಾಮೂದಿರಿಯ ರೇವಿನಲ್ಲಿ ಅರಬರು, ಗುಜರಾತಿಗಳು ಮುಂತಾದ ನಾನಾ ದೇಶದ ವರ್ತಕರು ನಿರ್ಭಯವಾಗಿ ವ್ಯಾಪಾರ ಮಾಡುತ್ತಿದ್ದರು. ಸುಂಕ ಕೊಟ್ಟರೆ ಸಾಕು. ಸಮುದ್ರವು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಪೋರ್ಚುಗೀಸರು ತಂದ ಹೊಸತು ಇಲ್ಲಿಯೇ ಇದೆ. ಅವರು ಮೆಣಸನ್ನು ಕೊಳ್ಳಲು ಬಂದವರಷ್ಟೇ ಆಗಿರದೆ, ಇತರರು ಕೊಳ್ಳದಂತೆ ಮಾಡಲೂ ಬಂದವರಾಗಿದ್ದರು. ತಮ್ಮ ರಹದಾರಿ ಪತ್ರವಿಲ್ಲದೆ ಯಾವ ಹಡಗೂ ಅರಬ್ಬೀ ಸಮುದ್ರದಲ್ಲಿ ಸಂಚರಿಸಕೂಡದೆಂದು ಕಟ್ಟಳೆ ಮಾಡಿದರು. ಮೀರಿದ ಹಡಗುಗಳನ್ನು ಹಿಡಿದರು, ಸುಟ್ಟರು. 1510ರಲ್ಲಿ ಅಲ್ಬುಕರ್ಕನು ವಿಜಾಪುರದ ಆದಿಲಶಾಹಿಯ ಕೈಯಿಂದ ಗೋವೆಯನ್ನು ಕಿತ್ತುಕೊಂಡನು. ಸಾಮೂದಿರಿಯ ನೌಕಾಧಿಪತಿಗಳಾದ ಕುಂಞಾಲಿ ಮರಕ್ಕಾರರು ತಲೆಮಾರುಗಳವರೆಗೆ ಪೋರ್ಚುಗೀಸರನ್ನು ಕಡಲಿನಲ್ಲಿಯೇ ಎದುರಿಸಿ ಹೋರಾಡಿದರು. ಅವರಲ್ಲಿ ಕಡೆಯವನನ್ನು 1600ರಲ್ಲಿ ಗೋವೆಯಲ್ಲಿ ಕೊಲ್ಲಿಸಲಾಯಿತು. ನಮ್ಮ ಉಳ್ಳಾಲದ ರಾಣಿ ಅಬ್ಬಕ್ಕನು ಅದೇ ಶತ್ರುವಿನೊಡನೆ ಸೆಣಸಿದುದನ್ನು ಇದರ ಜೊತೆಗಿಟ್ಟು ನೋಡಿದರೆ, ತುಳುನಾಡಿನ ಕಥೆಯೂ ಮಲಬಾರಿನ ಕಥೆಯೂ ಒಂದೇ ಕಥೆಯ ಎರಡು ಅಧ್ಯಾಯಗಳೆಂಬುದು ತಿಳಿಯುತ್ತದೆ.

ಡಚ್ಚರ ವಿಷಯವಾದರೋ ಬೇರೆ ಬಗೆಯದು. 1741ರಲ್ಲಿ ತಿರುವಾಂಕೂರಿನ ಮಾರ್ತಾಂಡವರ್ಮ ಮಹಾರಾಜನು ಕೊಳಚ್ಚಲ್ ಎಂಬಲ್ಲಿ ಡಚ್ಚರ ಸೈನ್ಯವನ್ನು ಸೋಲಿಸಿ, ಅವರ ಸೇನಾನಿ ಡಿ ಲನಾಯ್ ಎಂಬವನನ್ನು ಸೆರೆಹಿಡಿದು, ಅವನಿಂದಲೇ ತನ್ನ ಸೈನಿಕರಿಗೆ ಯುರೋಪಿನ ಯುದ್ಧವಿದ್ಯೆಯನ್ನು ಕಲಿಸಿದನು. ನೆಲದ ಮೇಲೆ ಯುರೋಪಿನವರು ಸೋಲದವರೇನಲ್ಲ ಎಂಬುದಕ್ಕೆ ಇದು ನಿದರ್ಶನ. ನೀರಿನ ಮೇಲೆ ಮಾತ್ರ ಅವರನ್ನು ತಡೆಯುವ ನೌಕಾಬಲವು ನಮ್ಮ ಅರಸರಲ್ಲಿ ಇರಲಿಲ್ಲ. ಈ ವಿಚಾರವನ್ನೇ ಬೆಳೆಸಿ ಪಣಿಕ್ಕರರು 1945ರಲ್ಲಿ ಹಿಂದೂ ಮಹಾಸಾಗರವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದರು. ನಮ್ಮ ಇತಿಹಾಸಕಾರರು ಶತ್ರುವನ್ನು ಸದಾ ಖೈಬರ್ ಕಣಿವೆಯ ಕಡೆಯಿಂದಲೇ ಎದುರುನೋಡುವರು. ಆದರೆ ನಮ್ಮ ಸ್ವಾತಂತ್ರ್ಯವು ಹೋದುದು ಕಡಲಿನ ದಾರಿಯಲ್ಲಿ ಎಂಬುದು ಅದರ ವಾದ. ದೇಶವು ಸ್ವತಂತ್ರವಾಗುವುದಕ್ಕೆ ಎರಡು ವರ್ಷ ಮೊದಲೇ, ಸ್ವತಂತ್ರ ಭಾರತಕ್ಕೆ ಬಲವಾದ ನೌಕಾಸೈನ್ಯ ಬೇಕೆಂದು ಹೇಳಿದ ಪುಸ್ತಕವದು.

ಇಂಥ ವಿಚಾರಗಳುಳ್ಳವರು ತಮ್ಮ ಜೀವನದ ಸುಮಾರು ಇಪ್ಪತ್ತು ವರ್ಷಗಳನ್ನು ರಾಜಮಹಾರಾಜರ ಸೇವೆಯಲ್ಲಿ ಕಳೆದರೆಂದರೆ ಸೋಜಿಗವೆನಿಸಬಹುದು. 1927ರ ಸುಮಾರಿಗೆ ಕಾಶ್ಮೀರದ ಮಹಾರಾಜರ ಆಶ್ರಯಕ್ಕೆ ಸೇರಿದ ಪಣಿಕ್ಕರರು ಆ ಮೇಲೆ ನರೇಂದ್ರ ಮಂಡಲದ ಕಾರ್ಯದರ್ಶಿಗಳಾದರು. ಪಟಿಯಾಲ ಸಂಸ್ಥಾನದ ವಿದೇಶಾಂಗ ಸಚಿವರಾದರು. ಕಡೆಗೆ ಬಿಕಾನೇರಿನ ದಿವಾನರಾದರು. ಹೆಸರಿನ ಹಿಂದಿನ ಸರದಾರ ಪದವಿಯೂ ಈ ಕಾಲದ ಕೊಡುಗೆಯೇ. ಸಂಸ್ಥಾನಿಕರು ಬ್ರಿಟಿಷ್ ಆಳ್ವಿಕೆಯ ಆಧಾರಸ್ತಂಭಗಳೆಂದು ಕಾಂಗ್ರೆಸ್ಸು ಹೇಳುತ್ತಿದ್ದ ಕಾಲವದು. ಹೀಗಾಗಿ ಸಾಮ್ರಾಜ್ಯಶಾಹಿಯನ್ನು ವಿಮರ್ಶಿಸುವ ಲೇಖನಿಯು ಅದರ ಆಶ್ರಿತರ ಅನ್ನವನ್ನು ಉಂಡಿತೆಂಬ ಆಕ್ಷೇಪಣೆಗೆ ಅವರು ಗುರಿಯಾಗದಿರಲಿಲ್ಲ. ಈ ಆಕ್ಷೇಪಣೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೂ ಒಂದು ಮಾತನ್ನು ಹೇಳಬೇಕು. ಪರರಾಜ್ಯವನ್ನು ಗೆದ್ದುಕೊಳ್ಳದೆಯೇ ಆಳುವ ಬ್ರಿಟಿಷರ ವಿದ್ಯೆಯನ್ನು ಅವರು ಒಳಗಿನಿಂದ ಕಂಡರು. ಸಂಸ್ಥಾನಗಳಿಗೂ ಭಾರತ ಸರಕಾರಕ್ಕೂ ಇದ್ದ ಸಂಬಂಧವನ್ನು ಕುರಿತು 1927ರಲ್ಲಿಯೇ ಗ್ರಂಥವನ್ನು ಬರೆದರು.

ಆ ವಿದ್ಯೆಯ ಸ್ವರೂಪವೇನೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಾರಾಯಣಗೂಡದಿಂದ ಕಾಲ್ನಡಿಗೆಯಲ್ಲಿಯೇ ಹೋಗಬಹುದಾದ ಕೋಠಿಯಲ್ಲಿ, ಈಗ ಮಹಿಳಾ ವಿಶ್ವವಿದ್ಯಾನಿಲಯದ ಆವರಣದೊಳಗೆ, ಎತ್ತರವಾದ ಕಂಬಗಳ ಸಾಲುಳ್ಳ ಒಂದು ಭವನವಿದೆ. ಅದು ಬ್ರಿಟಿಷ್ ರೆಸಿಡೆಂಟರ ನಿವಾಸವಾಗಿತ್ತು. 1798ರಲ್ಲಿ ನಿಜಾಮ್ ಅಲಿ ಖಾನನು ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದವನ್ನು ಮಾಡಿಕೊಂಡನು. ಸೈನ್ಯವು ಕಂಪನಿಯದು, ವೆಚ್ಚವು ನಿಜಾಮನದು. ವೆಚ್ಚಕ್ಕೆ ಹಣದ ಬದಲು ಎಂದು 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪ ಪ್ರಾಂತಗಳು ಕಂಪನಿಯ ಪಾಲಾದವು. ಅವನ್ನೇ ದತ್ತಮಂಡಲಗಳೆಂದು ಕರೆದರು. ಸೈನ್ಯದ ಸಾಲವು ಮತ್ತೆ ಬೆಳೆಯಿತು. 1853ರಲ್ಲಿ ಬೇರಾರು ಮತ್ತು ಇತರ ಪ್ರದೇಶಗಳ ಜೊತೆಗೆ ರಾಯಚೂರು ದೋಆಬವನ್ನೂ ಒಪ್ಪಿಸಬೇಕಾಯಿತು. ರಾಯಚೂರು ನಿಜಾಮನಿಗೆ ಹಿಂದಿರುಗಿದುದು 1860ರಲ್ಲಿ. ಒಂದು ಗುಂಡೂ ಹಾರದೆ ಕನ್ನಡ ನೆಲವು ಹೀಗೆ ಕೈಯಿಂದ ಕೈಗೆ ಹೋಯಿತು. ಬಳ್ಳಾರಿಯು ಮದರಾಸಿಗೂ ಕಲಬುರಗಿ ರಾಯಚೂರುಗಳು ಹೈದರಾಬಾದಿಗೂ ಸೇರಿ, ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋದುದಕ್ಕೆ ಇಂಥ ಒಪ್ಪಂದಗಳೂ ಕಾರಣವಾದವು.

ಸಂಸ್ಥಾನಿಕರ ಸೇವೆಯಿಂದ ದೇಶಕ್ಕೆ ಪ್ರಯೋಜನವಾದುದು 1947ರಲ್ಲಿ. ಬ್ರಿಟಿಷರು ಹೊರಡುವ ಕಾಲ ಸಮೀಪಿಸಿದಾಗ ಸಂಸ್ಥಾನಗಳ ಗತಿಯೇನೆಂಬುದು ಬಹು ತೊಡಕಿನ ಪ್ರಶ್ನೆಯಾಗಿತ್ತು. ಆಗ ಬಿಕಾನೇರಿನ ದಿವಾನರಾಗಿದ್ದ ಪಣಿಕ್ಕರರು ಕಾಲದ ಒಲವನ್ನು ಅರಿತಿದ್ದರು. ಆ ವರ್ಷದ ಏಪ್ರಿಲ್ 28ರಂದು ಸಂವಿಧಾನ ಸಭೆಯಲ್ಲಿ ಸ್ಥಾನ ಪಡೆದ ಮೊದಲ ಕೆಲವು ಸಂಸ್ಥಾನಗಳಲ್ಲಿ ಬಿಕಾನೇರೂ ಒಂದಾಗಿತ್ತು. ಹೈದರಾಬಾದಿನ ನಿಜಾಮರು ಹಿಡಿದ ದಾರಿ ಬೇರೆ. ಅದೇ ಜೂನಿನಲ್ಲಿ, ತಾವು ಭಾರತವನ್ನೂ ಸೇರುವುದಿಲ್ಲ ಪಾಕಿಸ್ತಾನವನ್ನೂ ಸೇರುವುದಿಲ್ಲವೆಂದು ಅವರು ಫರ್ಮಾನು ಹೊರಡಿಸಿದರು. ಅಲ್ಲಿಂದ 1948ರ ಸೆಪ್ಟೆಂಬರ್ 17ರವರೆಗೆ ಈ ನಾಡಿನ ಜನರು ಪಟ್ಟ ಪಾಡನ್ನು ನಮ್ಮ ಹಿರಿಯರ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಒಬ್ಬ ಅರಸನಿಗೆ ಸಲಹೆ ಕೊಡುವ ಮಂತ್ರಿಯು ಇತಿಹಾಸವನ್ನು ತಿಳಿದವನೋ ಅಲ್ಲವೋ ಎಂಬುದರಿಂದ ಪ್ರಜೆಗಳಿಗೆ ಎಷ್ಟು ವ್ಯತ್ಯಾಸವಾಗಬಹುದೆಂಬುದು ಇದರಿಂದ ವಿಶದವಾಗುತ್ತದೆ.

1948ರಲ್ಲಿ ಜವಾಹರಲಾಲ ನೆಹರು ಅವರು ಪಣಿಕ್ಕರರನ್ನು ಚೀನಾ ದೇಶಕ್ಕೆ ರಾಯಭಾರಿಯಾಗಿ ಕಳುಹಿಸಿದರು. ಅಂದಿನ ರಾಜಧಾನಿ ನಾನ್‌ಕಿಂಗ್. ಚೀನಾದಲ್ಲಿ ಅಂತರ್ಯುದ್ಧವು ತೀವ್ರವಾಗಿ ನಡೆಯುತ್ತಿತ್ತು. 1949ರ ಏಪ್ರಿಲಿನಲ್ಲಿ ಕಮ್ಯೂನಿಸ್ಟ್ ಸೈನ್ಯವು ಯಾಂಗ್‌ಟ್ಸಿ ನದಿಯನ್ನು ದಾಟಿ ನಾನ್‌ಕಿಂಗನ್ನು ಹಿಡಿಯಿತು. ಇದೇ ವೇಳೆಗೆ ಆ ನದಿಯಲ್ಲಿ ನಡೆದ ಒಂದು ಘಟನೆಯು ಪಣಿಕ್ಕರರಂಥ ಇತಿಹಾಸಕಾರರಿಗೆ ಗ್ರಂಥಕ್ಕಿಂತ ಹೆಚ್ಚಿನ ಪಾಠವಾಗಿದ್ದಿರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬಲವಂತದಿಂದ ಬರೆಸಿಕೊಂಡ ಕೌಲುಗಳ ಕಾಲದಿಂದ ಪಾಶ್ಚಾತ್ಯರ ಯುದ್ಧನೌಕೆಗಳು ಚೀನಾದ ಒಳನಾಡಿನ ನದಿಯಲ್ಲಿ ತಮ್ಮ ಮನೆಯಂಗಳದಲ್ಲಿ ತಿರುಗಿದಂತೆ ತಿರುಗುತ್ತಿದ್ದವು. ಆ ಏಪ್ರಿಲ್ 20ರಂದು ಆಮೆಥಿಸ್ಟ್ ಎಂಬ ಬ್ರಿಟಿಷ್ ನೌಕೆಯ ಮೇಲೆ ದಡದ ಫಿರಂಗಿಗಳು ಗುಂಡು ಹಾರಿಸಿದವು. ನೌಕೆಯು ಪೆಟ್ಟು ತಿಂದು ನೆಲ ಹತ್ತಿ ನಿಂತಿತು. ಬಿಡಿಸಲು ಬಂದ ನೌಕೆಗಳೂ ಹಿಂದಿರುಗಬೇಕಾಯಿತು. ಮೂರು ತಿಂಗಳ ಮೇಲೆ ಒಂದು ರಾತ್ರಿ ಆಮೆಥಿಸ್ಟ್ ಕತ್ತಲೆಯಲ್ಲಿ ತಪ್ಪಿಸಿಕೊಂಡು ಸಮುದ್ರವನ್ನು ಸೇರಿತು. ಕಲ್ಲೀಕೋಟೆಯಲ್ಲಿ ಆರಂಭವಾದ ಯುಗವೊಂದು ಮುಗಿದುದು ಹೀಗೆ.

ಮುಂದೆ 1953ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಮಹಾಗ್ರಂಥದ ತಿರುಳೂ ಇದೇ. ಏಷ್ಯ ಮತ್ತು ಪಾಶ್ಚಾತ್ಯ ಪ್ರಾಬಲ್ಯ ಎಂಬರ್ಥದ ಹೆಸರುಳ್ಳ ಆ ಇಂಗ್ಲಿಷ್ ಗ್ರಂಥದಲ್ಲಿ ಅವರು ಸುಮಾರು ನಾಲ್ಕೂವರೆ ಶತಮಾನಗಳ ಅವಧಿಯನ್ನು ಒಂದೇ ಘಟಕವಾಗಿ ತೆಗೆದುಕೊಂಡು ಅದಕ್ಕೆ ವಾಸ್ಕೋ ಡ ಗಾಮ ಯುಗವೆಂದು ಹೆಸರಿಟ್ಟರು. 1498ರಲ್ಲಿ ಮೊದಲಾದ ಈ ಯುಗವು 1947ರಲ್ಲಿ ಬ್ರಿಟಿಷರು ಭಾರತವನ್ನೂ 1949ರಲ್ಲಿ ಯುರೋಪಿನ ನೌಕಾಪಡೆಗಳು ಚೀನಾವನ್ನೂ ತೊರೆದಾಗ ಕೊನೆಗೊಂಡಿತೆಂಬುದು ಅವರ ನಿರ್ಣಯ. ಸಮುದ್ರಬಲದಿಂದ ಭೂಭಾಗಗಳ ಮೇಲೆ ಹಿಡಿತ, ಒಳನಾಡಿನ ಬೇಸಾಯವನ್ನೂ ವ್ಯಾಪಾರವನ್ನೂ ನಂಬಿದ್ದ ಜನರ ಮೇಲೆ ವಿದೇಶೀ ವಾಣಿಜ್ಯದ ಹೊರೆ, ಯುರೋಪಿನ ಜನರ ರಾಜಕೀಯ ಪ್ರಭುತ್ವ, ಮತಪ್ರಚಾರದ ಯತ್ನ: ಇವುಗಳನ್ನು ಆ ಯುಗದ ಲಕ್ಷಣಗಳೆಂದು ಅವರು ಎಣಿಸಿದರು. ಭಾರತ, ಚೀನಾ, ಜಪಾನ್, ಆಗ್ನೇಯ ಏಷ್ಯ, ಇವುಗಳ ಚರಿತ್ರೆಯನ್ನು ಬೇರೆ ಬೇರೆಯಾಗಿ ಓದುತ್ತಿದ್ದವರಿಗೆ, ಇವೆಲ್ಲವೂ ಒಂದೇ ಹಗ್ಗದಿಂದ ಕಟ್ಟಲ್ಪಟ್ಟಿದ್ದವೆಂದು ಆ ಗ್ರಂಥವು ತೋರಿಸಿತು. ಯುರೋಪಿನವರ ಸಾಹಸವೆಂದು ಅವರೇ ಬರೆದುಕೊಂಡಿದ್ದ ಕಥೆಯನ್ನು ಸಾಹಸಕ್ಕೆ ಈಡಾದವರ ದೃಷ್ಟಿಯಿಂದ ಹೇಳಿದುದೇ ಅದರ ವೈಶಿಷ್ಟ್ಯ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ನಾಲ್ಕೂವರೆ ಶತಮಾನಗಳುದ್ದಕ್ಕೂ ಪಾಶ್ಚಾತ್ಯರೇ ಪ್ರಬಲರಾಗಿದ್ದರೆಂಬ ಮಾತು ನಿಲ್ಲುವುದು ಕಷ್ಟ. ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ಪೋರ್ಚುಗೀಸರು ಅವನಿಗೆ ಕುದುರೆ ಮಾರುವ ವರ್ತಕರಾಗಿದ್ದರೇ ಹೊರತು ಒಡೆಯರಾಗಿರಲಿಲ್ಲ. ಅಕ್ಬರನ ಆಸ್ಥಾನದಲ್ಲಿಯೂ ಹಾಗೆಯೇ. ಹದಿನೆಂಟನೆಯ ಶತಮಾನದವರೆಗೆ ಅವರ ಅಧಿಕಾರವು ಬಹುಮಟ್ಟಿಗೆ ಕರಾವಳಿಯ ಕೋಟೆಗಳಲ್ಲಿ ನಿಂತಿತ್ತು. ಏಷ್ಯದ ವರ್ತಕರ ಹಡಗುಗಳೂ ಓಡಾಡುತ್ತಲೇ ಇದ್ದವು. ಅನಂತರದ ಸಂಶೋಧಕರು ಇದನ್ನು ಎತ್ತಿ ತೋರಿಸಿದ್ದಾರೆ. ಕ್ರೈಸ್ತ ಪಾದ್ರಿಗಳ ವಿಷಯದಲ್ಲಿ ಪಣಿಕ್ಕರರು ಕಟುವಾಗಿ ಬರೆದರೆಂಬ ಟೀಕೆಯೂ ಬಂದಿತು. ಕನ್ನಡಿಗರಾದ ನಾವು ಕಿಟ್ಟೆಲರ ನಿಘಂಟನ್ನು ನೆನೆದಾಗ ಈ ಟೀಕೆಯಲ್ಲಿ ಸ್ವಲ್ಪ ಸತ್ಯವಿದೆಯೆಂದು ಒಪ್ಪಬೇಕಾಗುವುದು.

ಪೀಕಿಂಗಿನಲ್ಲಿದ್ದಾಗ ನಡೆದ ಇನ್ನೊಂದು ಸಂಗತಿಯಿಂದ ಅವರ ಹೆಸರು ಲೋಕದ ಚರಿತ್ರೆಯಲ್ಲಿ ಸೇರಿತು. 1950ರಲ್ಲಿ ಕೊರಿಯದ ಯುದ್ಧವು ನಡೆಯುತ್ತಿತ್ತು. ಅಕ್ಟೋಬರ್ 2ರ ನಡುರಾತ್ರಿಯಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರು ನಿದ್ರಿಸುತ್ತಿದ್ದ ಭಾರತದ ರಾಯಭಾರಿಯನ್ನು ಕರೆಸಿಕೊಂಡರು. ಅಮೆರಿಕದ ಸೈನ್ಯವು 38ನೆಯ ಅಕ್ಷಾಂಶವನ್ನು ದಾಟಿ ಉತ್ತರ ಕೊರಿಯಕ್ಕೆ ನುಗ್ಗಿದರೆ ಚೀನಾ ಸುಮ್ಮನಿರದೆಂದು ತಿಳಿಸಿದರು. ಅಮೆರಿಕಕ್ಕೂ ಹೊಸ ಚೀನಾಕ್ಕೂ ರಾಜತಾಂತ್ರಿಕ ಸಂಬಂಧವಿರಲಿಲ್ಲವಾದುದರಿಂದ ಭಾರತವೇ ಸಂದೇಶವಾಹಕನಾಗಬೇಕಾಗಿತ್ತು. ಪಣಿಕ್ಕರರು ತಡಮಾಡದೆ ದಿಲ್ಲಿಗೆ ವರ್ತಮಾನ ಕಳುಹಿಸಿದರು. ಅಲ್ಲಿಂದ ಅದು ಲಂಡನ್ನಿಗೂ ವಾಷಿಂಗ್ಟನ್ನಿಗೂ ಮುಟ್ಟಿತು. ಅಲ್ಲಿಯವರು ಮಾತಿಗೆ ಬೆಲೆಕೊಡಲಿಲ್ಲ. ಚೀನಾದ ಪರವಾಗಿ ಒಲಿದ ರಾಯಭಾರಿಯ ಮಾತೆಂದು ಅಲಕ್ಷಿಸಿದರು. ಅದೇ ತಿಂಗಳು ಚೀನಾದ ಸೈನ್ಯವು ಯಾಲು ನದಿಯನ್ನು ದಾಟಿತು. ಯುದ್ಧವು ನಿಂತುದು 1953ರ ಜುಲೈ ತಿಂಗಳಿನಲ್ಲಿ.

ಕೊರಿಯದ ವಿಷಯದಲ್ಲಿ ಹೀಗೆ ಸರಿಯಾಗಿ ಕಂಡ ಕಣ್ಣು ಟಿಬೆಟ್ಟಿನ ವಿಷಯದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲವೆಂದು ಹೇಳದೆ ಗತ್ಯಂತರವಿಲ್ಲ. ಅದೇ ಅಕ್ಟೋಬರಿನಲ್ಲಿ ಚೀನಾದ ಸೈನ್ಯವು ಟಿಬೆಟ್ಟನ್ನು ಪ್ರವೇಶಿಸಿತು. ಚೀನಾದ ಉದ್ದೇಶಗಳನ್ನು ನಮ್ಮ ರಾಯಭಾರಿಯು ಅತಿಯಾಗಿ ನಂಬಿದರೆಂದು ಸರದಾರ ವಲ್ಲಭಭಾಯಿ ಪಟೇಲರು ನವೆಂಬರಿನಲ್ಲಿ ನೆಹರು ಅವರಿಗೆ ಬರೆದ ಪ್ರಸಿದ್ಧ ಪತ್ರದಲ್ಲಿ ಅಸಮಾಧಾನವನ್ನು ಸೂಚಿಸಿದ್ದರು. ಪಾಶ್ಚಾತ್ಯರ ಸಾಮ್ರಾಜ್ಯದಾಹವನ್ನು ಅಷ್ಟು ಚೆನ್ನಾಗಿ ಬಲ್ಲವರು ಏಷ್ಯದ ದೇಶವೊಂದರಲ್ಲಿಯೂ ಆ ದಾಹವಿರಬಹುದೆಂದು ಶಂಕಿಸಲಿಲ್ಲ. 1962ರಲ್ಲಿ ಚೀನಾ ನಮ್ಮ ಗಡಿಯನ್ನು ದಾಟಿ ಬಂದಾಗ ಅದನ್ನು ಕಾಣಲು ಅವರು ಬದುಕಿದ್ದರು.

ಚೀನಾದಿಂದ ಮರಳಿ, ಈಜಿಪ್ಟಿನಲ್ಲಿಯೂ ಅಲ್ಪಕಾಲ ರಾಯಭಾರಿಯಾಗಿದ್ದ ಮೇಲೆ, 1953ರ ಡಿಸೆಂಬರಿನಲ್ಲಿ ಪಣಿಕ್ಕರರು ರಾಜ್ಯ ಪುನರ್ವಿಂಗಡಣಾ ಆಯೋಗದ ಸದಸ್ಯರಾದರು. ನಮಗೆ ಅತ್ಯಂತ ಸಂಬಂಧಪಟ್ಟ ಭಾಗವಿದು. ಆಯೋಗಕ್ಕೆ ಬಂದ ಪತ್ರ ಮನವಿಗಳು ಒಂದೂವರೆ ಲಕ್ಷಕ್ಕೂ ಮಿಕ್ಕಿದ್ದವು. ಸದಸ್ಯರು 104 ಸ್ಥಳಗಳಿಗೆ ಭೇಟಿಯಿತ್ತು, 9,000ಕ್ಕೂ ಹೆಚ್ಚು ಮಂದಿಯನ್ನು ಕಂಡು ಮಾತನಾಡಿ, 38,000 ಮೈಲುಗಳಷ್ಟು ಪ್ರಯಾಣ ಮಾಡಿದರು. ವರದಿಯು 1955ರ ಸೆಪ್ಟೆಂಬರ್ 30ರಂದು ಸಿದ್ಧವಾಯಿತು. ಹಲವು ಆಡಳಿತಗಳಲ್ಲಿ ಚದುರಿದ್ದ ಕನ್ನಡ ಪ್ರದೇಶಗಳು ಒಂದು ರಾಜ್ಯವಾಗಬೇಕೆಂದು ಅದು ಒಪ್ಪಿತು. ಆಲೂರು ವೆಂಕಟರಾಯರೇ ಮೊದಲಾದವರು ದಶಕಗಳಿಂದ ಕಂಡ ಕನಸು ಸರಕಾರೀ ಕಾಗದದ ಮೇಲೆ ಮೂಡಿತು. ಹೈದರಾಬಾದು ಸಂಸ್ಥಾನವನ್ನು ಒಡೆದು ಕಲಬುರಗಿ ರಾಯಚೂರುಗಳನ್ನು ಕನ್ನಡ ರಾಜ್ಯಕ್ಕೆ ಸೇರಿಸಬೇಕೆಂದೂ, ತೆಲಂಗಾಣವು ಸದ್ಯಕ್ಕೆ ಹೈದರಾಬಾದ್ ರಾಜ್ಯವೆಂಬ ಹೆಸರಿನಲ್ಲಿ ಪ್ರತ್ಯೇಕವಾಗಿದ್ದು ಅನಂತರ ಆಂಧ್ರವನ್ನು ಸೇರುವ ವಿಷಯವನ್ನು ತಾನೇ ತೀರ್ಮಾನಿಸಲೆಂದೂ ಆಯೋಗವು ಹೇಳಿತ್ತು. ಸರಕಾರವು ಈ ಎರಡನೆಯ ಮಾತನ್ನು ಪಾಲಿಸಲಿಲ್ಲ; 1956ರಲ್ಲಿಯೇ ತೆಲಂಗಾಣವು ಆಂಧ್ರದೊಡನೆ ಕೂಡಿತು. ತೆಲಂಗಾಣವು ಮತ್ತೆ ಪ್ರತ್ಯೇಕವಾದುದು 2014ರಲ್ಲಿ.

ಕನ್ನಡಿಗರಿಗೆ ನೋವು ತಂದ ಶಿಫಾರಸುಗಳೂ ಆ ವರದಿಯಲ್ಲಿದ್ದವು. ಬೀದರವನ್ನು ಹೈದರಾಬಾದಿನಲ್ಲಿಯೇ ಉಳಿಸಬೇಕೆಂದಿತು. 1953ರಲ್ಲಿ ಮೈಸೂರಿಗೆ ಸೇರಿದ್ದ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ತುಂಗಭದ್ರಾ ಯೋಜನೆಯ ನೆಪದಲ್ಲಿ ಆಂಧ್ರಕ್ಕೆ ಕೊಡಬೇಕೆಂದಿತು. ಈ ಎರಡೂ ಹಾಗೆಯೇ ನಡೆಯಲಿಲ್ಲ. ಬಳ್ಳಾರಿ ಉಳಿಯಿತು, ಬೀದರವನ್ನು ಮೂರು ರಾಜ್ಯಗಳಿಗೆ ಹಂಚಿದರೂ ಬೀದರ ಪಟ್ಟಣವೂ ಭಾಲ್ಕಿ, ಹುಮನಾಬಾದ, ಔರಾದಗಳೂ ಕನ್ನಡ ರಾಜ್ಯಕ್ಕೆ ಬಂದವು. ಆದರೆ ಕಾಸರಗೋಡು ಬರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಆ ತಾಲೂಕನ್ನು, ಮಲೆಯಾಳ ಮಾತನಾಡುವವರು ಅಲ್ಲಿ ಅಧಿಕವೆಂಬ ಕಾರಣದಿಂದ, ಆಯೋಗವು ಕೇರಳಕ್ಕೆ ಸೇರಿಸಿತು. ಚಂದ್ರಗಿರಿ ನದಿಯ ಉತ್ತರಕ್ಕಿರುವ ಭಾಗವಾದರೂ ಕನ್ನಡ ನಾಡಿನಲ್ಲಿ ಉಳಿಯಬೇಕೆಂದು ಕಯ್ಯಾರ ಕಿಞ್ಞಣ್ಣ ರೈಗಳೇ ಮೊದಲಾದವರು ಹೋರಾಡಿದರು.

ಪಣಿಕ್ಕರರು ಮಲೆಯಾಳಿಗಳೆಂಬುದರಿಂದಲೇ ಹೀಗಾಯಿತೆಂದು ಅನೇಕ ಕನ್ನಡಿಗರು ಆಗ ನಂಬಿದರು. ಈ ಆರೋಪಕ್ಕೆ ನ್ಯಾಯವಾಗಿ ತೂಕ ಹಾಕೋಣ. ವರದಿಗೆ ಸಹಿ ಮಾಡಿದವರು ಮೂವರು. ಒಬ್ಬರ ತೀರ್ಮಾನವೆನ್ನುವುದು ಸರಿಯಾಗದು. ಆದರೆ ಅಧ್ಯಕ್ಷರಾದ ಫಜಲ್ ಅಲಿಯವರು ಬಿಹಾರದೊಡನೆ ತಮಗೆ ದೀರ್ಘಕಾಲದ ಸಂಬಂಧವಿತ್ತೆಂಬ ಕಾರಣದಿಂದ ಬಿಹಾರದ ಗಡಿ ವಿವಾದಗಳ ವಿಚಾರಣೆಯಲ್ಲಿ ಭಾಗವಹಿಸದೆ ದೂರ ಉಳಿದರು. ಕೇರಳದ ಗಡಿಯ ವಿಷಯದಲ್ಲಿ ಪಣಿಕ್ಕರರೂ ಅದೇ ಮೇಲ್ಪಂಕ್ತಿಯನ್ನು ಅನುಸರಿಸಿದ್ದರೆ ಇಂಥ ಮಾತಿಗೆ ಎಡೆಯಿರುತ್ತಿರಲಿಲ್ಲ. 1966ರಲ್ಲಿ ನೇಮಕವಾದ ಮಹಾಜನ್ ಆಯೋಗವು ಮರುವರ್ಷ ಚಂದ್ರಗಿರಿಯ ಉತ್ತರ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಹೇಳಿತು. ಆ ಶಿಫಾರಸು ಜಾರಿಗೆ ಬರಲಿಲ್ಲ.

ಆಯೋಗದಲ್ಲಿ ಪಣಿಕ್ಕರರು ಒಬ್ಬರೇ ನಿಂತುದು ಬೇರೊಂದು ವಿಷಯದಲ್ಲಿ. ಉತ್ತರ ಪ್ರದೇಶವು ಇತರ ರಾಜ್ಯಗಳಿಗಿಂತ ಮಿತಿಮೀರಿ ದೊಡ್ಡದು, ಒಂದು ಘಟಕವು ಉಳಿದೆಲ್ಲವನ್ನೂ ಮೀರಿ ನಿಂತರೆ ಒಕ್ಕೂಟದಲ್ಲಿ ಸಮತೋಲವಿರದು ಎಂದು ಅವರು ಪ್ರತ್ಯೇಕ ಟಿಪ್ಪಣಿ ಬರೆದು, ಅದನ್ನು ವಿಭಜಿಸಿ ಆಗ್ರಾ ರಾಜ್ಯವೊಂದನ್ನು ರಚಿಸಬೇಕೆಂದು ಸೂಚಿಸಿದರು. ಪ್ರಾಬಲ್ಯವೆಂಬುದು ಎಲ್ಲಿ ಹೇಗೆ ತಲೆಯೆತ್ತುವುದೆಂದು ಜೀವಮಾನವೆಲ್ಲ ಅಭ್ಯಸಿಸಿದವರ ಸಂಶಯವದು. ಯಾರೂ ಅದಕ್ಕೆ ಕಿವಿಗೊಡಲಿಲ್ಲ.

ವರದಿಯ ಇನ್ನೊಂದು ಭಾಗವನ್ನು ನಾವು, ಅಂದರೆ ಈ ನಗರದ ಕನ್ನಡ ಶಾಲೆಯ ಮಕ್ಕಳು, ತಿಳಿದಿರಬೇಕು. ಗೆರೆಯನ್ನು ಎಷ್ಟೇ ಎಚ್ಚರಿಕೆಯಿಂದ ಎಳೆದರೂ ಅದರ ಎರಡು ಕಡೆಗಳಲ್ಲಿಯೂ ಅನ್ಯಭಾಷೆಯ ಜನರು ಉಳಿದೇ ಉಳಿಯುವರು. ಅವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಹಕ್ಕು ಸಂವಿಧಾನದಲ್ಲಿಯೇ ಇರಬೇಕೆಂದು ಆಯೋಗವು ಹೇಳಿತು. 1956ರ ಏಳನೆಯ ತಿದ್ದುಪಡಿಯಿಂದ ಅದು 350-ಎ ವಿಧಿಯಾಗಿ ಸಂವಿಧಾನದಲ್ಲಿ ಸೇರಿತು. ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯೊಬ್ಬರು ಇರಬೇಕೆಂಬ 350-ಬಿ ವಿಧಿಯೂ ಅದರ ಜೊತೆಗೇ ಬಂದಿತು. ಕಾಸರಗೋಡಿನ ಕನ್ನಡ ಮಗುವಿಗೂ ನಾರಾಯಣಗೂಡದ ಕನ್ನಡ ಮಗುವಿಗೂ ಆಸರೆಯಾಗಿರುವುದು ಇದೇ ವಿಧಿ. ಆ ಆಸರೆಯನ್ನು ಕೇಳಿದವರಲ್ಲಿ, ಕಾಸರಗೋಡನ್ನು ನಮ್ಮಿಂದ ಅಗಲಿಸಿದ ವರದಿಗೆ ಸಹಿ ಹಾಕಿದವರೂ ಇದ್ದರು.

ಪಣಿಕ್ಕರರ ಸಾಹಿತ್ಯಸೇವೆಯನ್ನು ಕುರಿತು ಎರಡು ಮಾತು. ಇಂಗ್ಲಿಷಿನಲ್ಲಿ ಇಷ್ಟೆಲ್ಲ ಬರೆದವರು ಮಾತೃಭಾಷೆಯನ್ನು ಮರೆಯಲಿಲ್ಲ. ಮಲೆಯಾಳದಲ್ಲಿ ಕವಿತೆಗಳನ್ನೂ ನಾಟಕಗಳನ್ನೂ ಬರೆದರು; ಉಮರ್ ಖಯ್ಯಾಮನನ್ನು ಅನುವಾದಿಸಿದರು; ಬ್ರಿಟಿಷರೊಡನೆ ಕಾಡಿನಲ್ಲಿ ಹೋರಾಡಿ ಮಡಿದ ಪಳಶಿರಾಜನನ್ನು ಕುರಿತ ಕೇರಳಸಿಂಹಂ ಎಂಬ ಕಾದಂಬರಿಯು ಅವರದೇ. 1956ರಲ್ಲಿ ಸ್ಥಾಪಿತವಾದ ಕೇರಳ ಸಾಹಿತ್ಯ ಅಕಾಡೆಮಿಯ ಪ್ರಥಮ ಅಧ್ಯಕ್ಷರು ಅವರು.

ಆ ಮೇಲೆ ಫ್ರಾನ್ಸಿನಲ್ಲಿ ರಾಯಭಾರಿಯಾಗಿ, ರಾಜ್ಯಸಭೆಯ ನಾಮಕರಣಗೊಂಡ ಸದಸ್ಯರಾಗಿ, 1961ರಿಂದ ಕಾಶ್ಮೀರದಲ್ಲಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದು, 1963ರಲ್ಲಿ ಪಣಿಕ್ಕರರು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಉಪಕುಲಪತಿಗಳಾಗಿ ಬಂದರು. ಕೆಲವೇ ವರ್ಷಗಳ ಹಿಂದೆ ಕುವೆಂಪು ಅವರು ಅಲಂಕರಿಸಿದ್ದ ಪೀಠವದು; ಅವರು ಕಟ್ಟಿದ ಮಾನಸಗಂಗೋತ್ರಿಗೆ ಆಗಿನ್ನೂ ಮೂರು ವರ್ಷ. ಮೈಸೂರು ರಾಜ್ಯದ ಗಡಿಗಳಿಗೆ ಏಳು ವರ್ಷ. ಆ ಗಡಿಗಳ ವಿಷಯದಲ್ಲಿ ತಮ್ಮನ್ನು ನಿಂದಿಸಿದ ನಾಡಿನಲ್ಲಿಯೇ ಅದರ ಮಕ್ಕಳ ಉನ್ನತ ವಿದ್ಯೆಯ ಹೊಣೆಯನ್ನು ಅವರು ಹೊತ್ತರು, ನಾಡೂ ಅದನ್ನು ಒಪ್ಪಿಸಿತು. ಆದರೆ ಅವರಿಗೆ ಹೆಚ್ಚು ಕಾಲ ದೊರೆಯಲಿಲ್ಲ. ಅದೇ ವರ್ಷದ ಡಿಸೆಂಬರ್ 10ರಂದು ಮೈಸೂರಿನಲ್ಲಿ ತಮ್ಮ ಅರವತ್ತೆಂಟನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಮಲೆಯಾಳದಲ್ಲಿ ಬರೆದ ಆತ್ಮಕಥೆಯು 1977ರಲ್ಲಿ ಇಂಗ್ಲಿಷಿಗೆ ಅನುವಾದವಾಗಿ ಪ್ರಕಟವಾಯಿತು.